ಗೌಡರ ಐದು ಗುಂಡು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೂ ಹೇಳುತ್ತಾರೆ, ಹೊರಗಿನವರೂ ಹೇಳುತ್ತಾರೆ. ಇರಬಹುದು. ಗುಬ್ಬಿಯ ಹೈಸ್ಕೂಲೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಪಿ.ಟಿ. ಟೀಚರಾಗಿದ್ದವಳು ನಾನು. ಮಕ್ಕಳ ಹಿಂಡನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸುವುದಕ್ಕೆ ಒಳ್ಳೆಯತನವೊಂದೇ ಸಾಲದು, ಸೀಟಿಯೂ ಬೇಕು. ರಿಟೈರಾಗಿ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಮನೆ ಮಾಡಿಕೊಂಡ ಮೇಲೆ ಆ ಸೀಟಿ ಷೋಕೇಸಿನಲ್ಲಿ ಕೂರಬೇಕಾಗಿತ್ತು. ಕೂರಲಿಲ್ಲ, ನಮ್ಮ ಕ್ಲಬ್ಬಿನ ದೆಸೆಯಿಂದ.

ನಮ್ಮದು ಕೇಪಿನ ಕೋವಿಯವರ ಕ್ಲಬ್ಬು. ನಳಿಗೆಯ ಬಾಯಿಂದಲೇ ಮದ್ದು, ಗುಂಡು ತುಂಬಿ ಜಡಿದು, ಹಿಂದೆ ಕೇಪು ಎಂಬ ಸಿಡಿಯುವ ಪುಟ್ಟ ಟೋಪಿ ಇಟ್ಟು ಹಾರಿಸುವ ಹಳೇ ಕೋವಿಗಳು ಅವು. ತೋಟಕ್ಕೆ ಹಂದಿ ಬೀಳುತ್ತದೆಂದು ತಾತಂದಿರ ಕಾಲದಲ್ಲಿ ಲೈಸೆನ್ಸ್ ಮಾಡಿಸಿದ್ದು. ಈಚೆಗೆ ಆ ಕೋವಿಗಳು ಹಂದಿಯ ಮುಖ ನೋಡಿದ್ದಕ್ಕಿಂತ ಪೊಲೀಸ್ ಸ್ಟೇಷನ್ನಿನ ಗೋಡೆ ನೋಡಿದ್ದೇ ಹೆಚ್ಚು, ಯಾಕೆಂದರೆ ಎಲೆಕ್ಷನ್ ಬಂದಾಗಲೆಲ್ಲ ಅಲ್ಲಿ ಡಿಪಾಜಿಟ್ ಇಡಬೇಕು. ನನ್ನ ಹೆಸರಿನಲ್ಲೂ ಒಂದಿದೆ, ಮಾವನವರಿಂದ ಬಂದದ್ದು. ಗುಬ್ಬಿ, ಕುಣಿಗಲ್, ತುಮಕೂರಿನ ನಮ್ಮಂಥ ಕೆಲವರು ಸೇರಿ ವರ್ಷಕ್ಕೊಮ್ಮೆ, ರಾಗಿ ಒಕ್ಕಣೆ ಮುಗಿದ ಮೇಲೆ, ಪರ್ಮಿಷನ್ ತೆಗೆದುಕೊಂಡು ಗುಬ್ಬಿಯ ಹೊರಗಿನ ಹಳೇ ಕಲ್ಲು ಕ್ವಾರಿಯಲ್ಲಿ ಒಂದು ಮ್ಯಾಚ್ ಆಡುತ್ತೇವೆ. ತಲೆಗೆ ಐದು ಗುಂಡು, ಐವತ್ತು ಹೆಜ್ಜೆ ದೂರದಲ್ಲಿ ಒಂದು ಪೇಪರ್ ಟಾರ್ಗೆಟ್. ಗೆದ್ದವರಿಗೆ ಒಂದು ಗೊನೆ ಎಳನೀರು, ಸೋತವರಿಗೆ ವರ್ಷವಿಡೀ ಗೇಲಿ. ಎಂಟು ಗಂಡಸರು ಒಬ್ಬರ ಮಾತು ಇನ್ನೊಬ್ಬರು ಕೇಳುವುದಿಲ್ಲವೆಂದು ಲೈನು ನೋಡಿಕೊಳ್ಳುವ ಕೆಲಸ ನನಗೆ ಕೊಟ್ಟರು. ಸೀಟಿ ಮತ್ತೆ ಕೊರಳಿಗೆ ಬಂತು.

ಮೊನ್ನೆಯ ಮ್ಯಾಚಿನ ಕತೆ ಹೇಳುವ ಮುಂಚೆ ಒಂದು ವಿಷಯ ಹೇಳಿಬಿಡಬೇಕು. ಅವತ್ತು ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಕೊತ್ತಗೆರೆ ಕಡೆಯ ಗೌಡರು. ಎಂಬತ್ತಕ್ಕೆ ಎರಡೋ ಮೂರೋ ಕಡಿಮೆ. ಬಿಳೀ ಪಂಚೆ, ಬಿಳೀ ಶರ್ಟು, ಕಾಲಿಗೆ ಮಾತ್ರ ಮೊಮ್ಮಗನ ಸ್ಪೋರ್ಟ್ಸ್ ಶೂ. ಒಂದು ವರ್ಷದಿಂದ ಅವರಿಗೆ ಮರೆವು ಶುರುವಾಗಿತ್ತು. ಹೆಸರು, ದಾರಿ, ಉಂಡದ್ದು, ಎಲ್ಲ ಕೈತಪ್ಪುತ್ತಿತ್ತು. ತುಂಬಿದ ಕೋವಿಗೇ ಮತ್ತೆ ಮದ್ದು ಹುಯ್ಯಲು ಹೊರಟಿದ್ದನ್ನು ಮಗ ಎರಡು ಸಲ ಕಣ್ಣಾರೆ ಕಂಡು ಹಿಡಿದಿದ್ದ. ಕೋವಿಯನ್ನು ಸ್ಟೇಷನ್ನಿಗೆ ಒಪ್ಪಿಸಿ ಲೈಸೆನ್ಸ್ ಬಿಟ್ಟುಕೊಡುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಗೌಡರು ಜಗಳ ಆಡಲಿಲ್ಲವಂತೆ. ಒಂದೇ ಮಾತು ಕೇಳಿದರಂತೆ: ಈ ಸಲದ ಮ್ಯಾಚಿನಲ್ಲಿ ಐದು ಗುಂಡು ನನ್ನ ಕೈಯಲ್ಲೇ ತುಂಬಿ, ನಾನೇ ಹೊಡೆದು ಬರುತ್ತೇನೆ, ಮಾರನೇ ದಿನ ನಾನೇ ಹೋಗಿ ಕೊಡುತ್ತೇನೆ. ಭಾನುವಾರ ಮ್ಯಾಚು, ಸೋಮವಾರ ಸ್ಟೇಷನ್ನು.

ನನಗೆ ಯಾರೂ ಹೇಳಲಿಲ್ಲ. ಹೇಳಿದರೆ ಈಯಮ್ಮ ಅವರನ್ನು ಲೈನಿಗೇ ಬಿಡುವುದಿಲ್ಲ, ರೂಲ್ಸು ತೆಗೆಯುತ್ತಾಳೆ ಎಂದು ಹೆದರಿದ್ದರು. ಅವರ ಹೆದರಿಕೆ ಸುಳ್ಳೇನಲ್ಲ. ಖಂಡಿತ ಬಿಡುತ್ತಿರಲಿಲ್ಲ.

ಅವತ್ತು ಬೆಳಗ್ಗೆ ಎಂಟಕ್ಕೆಲ್ಲ ಕ್ವಾರಿ ಸೇರಿದೆವು. ಅವರೆಕಾಳು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಎಂಟು ಜನ ಲೈನಿಗೆ ನಿಂತರು. ನಾನು ಸೀಟಿ ಊದಿ "ಒಂದನೇ ಗುಂಡು, ತುಂಬಿ" ಎಂದೆ. ಕೂಡಲೇ ಲೈನಿನ ನಡುವಿನಿಂದ ಒಂದು ದನಿ ಎದ್ದಿತು.

"ಮದ್ದು ಹುಯ್ದೇ... ಕತ್ತ ತುರುಕ್ದೇ... ಗುಂಡು ಬುಟ್ಟೇ... ಮ್ಯಾಲೊಂದು ಕತ್ತ... ಗಜ ಜಡ್ದೇ..."

ನೋಡಿದರೆ ಗೌಡರ ಪಕ್ಕದಲ್ಲಿ ನಿಂತಿದ್ದ ನನ್ನ ಹಳೇ ಶಿಷ್ಯ. ಅಂತರಸನಹಳ್ಳಿಯಲ್ಲಿ ಲೇತ್ ಮಿಷಿನ್ ಇಟ್ಟುಕೊಂಡಿದ್ದಾನೆ. ಸ್ಕೂಲಿನಲ್ಲಿ ಸಾಲಿನಿಂದ ಆಚೆ ನಿಲ್ಲುವುದರಲ್ಲಿ ಇವನೇ ಫಸ್ಟು. ಕೋವಿಗೆ ಮೊದಲು ಮದ್ದು, ಅದು ಚೆಲ್ಲದಂತೆ ಒಂದು ಉಂಡೆ ತೆಂಗಿನ ನಾರಿನ ಕತ್ತ, ಆಮೇಲೆ ಸೀಸದ ಗುಂಡು, ಅದರ ಮೇಲೆ ಇನ್ನೊಂದಿಷ್ಟು ಕತ್ತ, ಕೊನೆಗೆ ಗಜ ಎನ್ನುವ ಕಬ್ಬಿಣದ ಕಡ್ಡಿಯಿಂದ ಜಡಿಯುವುದು. ಇಷ್ಟನ್ನು ಯಾರೂ ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ. ಇವನು ಭಜನೆಯವರ ಹಾಗೆ ಎಳೆದು ಎಳೆದು ಹೇಳುತ್ತಿದ್ದ. ಅವನು ಮುಗಿಸುವಷ್ಟರಲ್ಲಿ ಗೌಡರ ಆ ಮಗ್ಗುಲಲ್ಲಿದ್ದ ಗುಬ್ಬಿಯ ಕೊಬ್ಬರಿ ವ್ಯಾಪಾರಿಯೂ ಅದನ್ನೇ ಹೇಳತೊಡಗಿದ. ಬೆಳಗ್ಗೆ ಬೆಳಗ್ಗೇನೇ ಏರಿಸಿಕೊಂಡು ಬಂದಿದ್ದಾರೇನೋ ಎಂದು ಹತ್ತಿರ ಹೋಗಿ ಮೂಸಿ ನೋಡಿದೆ. ಬರೀ ಕಾಫಿ ವಾಸನೆ.

"ಏನೋ ಇದು ತಮಾಷೆ?" ಎಂದೆ.

"ವಯಸ್ಸಾಯ್ತು ಮೇಡಂ, ಮರ್ತೋಗುತ್ತೆ," ಎಂದ ಲೇತಿನವನು. ಅವನಿಗೆ ನಲವತ್ತೆರಡು.

ಒಂದನೇ ಗುಂಡು ಹಾಗೇ ಹೋಯಿತು. ಎರಡನೆಯದಕ್ಕೆ ಈ ಭಜನೆಯಲ್ಲಿ ಇನ್ನೂ ಇಬ್ಬರು ಸೇರಿದರು. ಕುಣಿಗಲ್ಲಿನವನೊಬ್ಬ ತಾಳ ಬೇರೆ ಹಾಕಿದ. ನನಗೆ ನೆತ್ತಿಗೇರಿತು. ಮದ್ದಿನ ಜತೆ ಆಟ ಆಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅದೂ ಅಲ್ಲದೆ, ನನ್ನನ್ನೇ ಅಣಕಿಸುತ್ತಿದ್ದಾರೆ ಎಂದು ಅನ್ನಿಸಿತ್ತು. ಒಬ್ಬ ಹೆಂಗಸು ಸೀಟಿ ಹಿಡಿದು ನಿಂತದ್ದಕ್ಕೆ ಈ ಗಂಡಸರ ಆಟ ಎಂದೇ ಎಣಿಸಿದೆ. ಸತ್ಯ ಹೇಳಬೇಕೆಂದರೆ ನನ್ನ ಕೋಪದಲ್ಲಿ ಮದ್ದಿನ ಭಯಕ್ಕಿಂತ ಈ ಅನುಮಾನದ ಪಾಲೇ ದೊಡ್ಡದಿತ್ತು.

ಉದ್ದಕ್ಕೆ ಸೀಟಿ ಊದಿದೆ. "ಇನ್ನು ಲೈನಿನಲ್ಲಿ ಯಾರೂ ತುಟಿ ಪಿಟಕ್ ಅನ್ನಬಾರದು. ಬಾಯಿ ಬಿಟ್ಟವರ ಗುಂಡಿಗೆ ಸೊನ್ನೆ. ಮಾತು ಬೆಳ್ಳಿ, ಮೌನ ಬಂಗಾರ, ಮೂರನೇ ಕ್ಲಾಸಿನ ಮಕ್ಕಳಿಗೂ ಗೊತ್ತು."

"ಮೇಡಂ, ಒಂದ್ನಿಮ್ಷ, ನಿಮ್ಮತ್ರ..." ಎಂದು ಲೇತಿನವನು ಪಕ್ಕಕ್ಕೆ ಬರಲು ನೋಡಿದ.

"ಜಾಗಕ್ಕೆ ಹೋಗು."

ಹೋದ. ಹೋಗುವಾಗ ಗೌಡರ ಕಡೆ ಒಮ್ಮೆ ನೋಡಿದ. ನಾನು ಅದನ್ನು ನೋಡಿದೆ, ಆದರೆ ಅರ್ಥ ಮಾಡಿಕೊಳ್ಳುವ ಮನಸ್ಸಿನಲ್ಲಿರಲಿಲ್ಲ.

"ಮೂರನೇ ಗುಂಡು, ತುಂಬಿ."

ಕ್ವಾರಿಯೊಳಗೆ ನಿಶ್ಶಬ್ದವಾಯಿತು. ಹೈವೇಯ ಲಾರಿ ಸದ್ದು ದೂರದಲ್ಲಿ ಕೇಳುತ್ತಿತ್ತು. ಎಂಟು ಗಂಡಸರೂ ಎಂಟು ಒಳ್ಳೇ ಮಕ್ಕಳಾಗಿ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದರು. ನನಗೆ ಬಹಳ ಸಂತೋಷವಾಯಿತು. ಹೀಗಿರಬೇಕು ಎಂದುಕೊಳ್ಳುತ್ತಾ ಲೈನಿನ ಹಿಂದೆ ಆ ಕೊನೆಯಿಂದ ಈ ಕೊನೆಗೆ ನಡೆದೆ. ಗೌಡರು ಮದ್ದು ಹುಯ್ದು, ಕತ್ತ ತುರುಕಿ, ಹಾಗೇ ನಿಂತಿದ್ದರು. ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು, ಕೈಯಲ್ಲಿದ್ದ ಮದ್ದಿನ ಅಳತೆ ನೋಡಿದರು. ವಯಸ್ಸಾದವರು, ನಿಧಾನ, ಇರಲಿ ಎಂದು ನಾನು ಮುಂದಕ್ಕೆ ಹೋದೆ.

"ಮೇಡಂ! ಸೀಟಿ! ಸೀಟಿ ಊದಿ!"

ಲೇತಿನವನ ಕೂಗು. ಸೊನ್ನೆ ಎನ್ನಲು ಬಾಯಿ ತೆರೆದು ತಿರುಗಿದೆ. ಅವನು ತನ್ನ ಕೋವಿ ನೆಲಕ್ಕಿಟ್ಟು ಗೌಡರ ಗಜದತ್ತ ಕೈ ತೋರಿಸುತ್ತಿದ್ದ. ಪ್ರತಿ ಗಜದ ಮೇಲೂ ಅರದಲ್ಲಿ ಉಜ್ಜಿದ ಒಂದು ಗೆರೆ ಇರುತ್ತದೆ. ಕೋವಿ ಸರಿಯಾಗಿ ತುಂಬಿದ್ದರೆ ಆ ಗೆರೆ ನಳಿಗೆಯ ಬಾಯಿಗೆ ಸಮ ನಿಲ್ಲುತ್ತದೆ. ಗೌಡರ ಗೆರೆ ಬಾಯಿಂದ ಮೂರು ಬೆರಳು ಮೇಲೆ ನಿಂತಿತ್ತು. ಎರಡು ಸಲ ಮದ್ದು ಬಿದ್ದಿದೆ. ಅವರ ಇನ್ನೊಂದು ಕೈ ಕೇಪಿನ ಡಬ್ಬಿ ಹುಡುಕುತ್ತಾ ಜೇಬಿನಲ್ಲಿತ್ತು. ಕೇಪು ಇಟ್ಟು ಹೊಡೆದಿದ್ದರೆ ಆ ಹಳೇ ನಳಿಗೆ ಅವರ ಮುಖದ ಮುಂದೆಯೇ ಸೀಳಿಹೋಗಬಹುದಾಗಿತ್ತು.

ಸೀಟಿ ಊದಿದೆನೋ ಕಿರುಚಿದೆನೋ ನೆನಪಿಲ್ಲ. ಎಲ್ಲರೂ ಕೋವಿ ಕೆಳಗಿಟ್ಟರು. ಲೇತಿನವನು ಗೌಡರ ಕೋವಿ ತೆಗೆದುಕೊಂಡು ಪಕ್ಕಕ್ಕೆ ಹೋಗಿ, ತಿರುಪಿನ ಕಡ್ಡಿ ಹಾಕಿ ಗುಂಡು, ಕತ್ತ ಒಂದೊಂದಾಗಿ ಎಳೆದ. ಮದ್ದನ್ನು ನೆಲಕ್ಕೆ ಸುರಿದ. ಗುಡ್ಡೆ ದೊಡ್ಡದೇ ಇತ್ತು. ಅದನ್ನು ನೋಡುತ್ತಾ, ನನ್ನ ಮುಖ ನೋಡದೆ, ಗೌಡರ ಮರೆವು, ಸೋಮವಾರದ ಸ್ಟೇಷನ್ನು, ಐದು ಗುಂಡಿನ ಆಸೆ, ಎಲ್ಲವನ್ನೂ ಸಣ್ಣ ದನಿಯಲ್ಲಿ ಹೇಳಿದ.

"ಅದ್ಕೇ ಮೇಡಂ ನಾವು ಜೋರಾಗಿ ಹೇಳ್ಕೊಂಡ್ ತುಂಬ್ತಿದ್ದಿದ್ದು. ನಾವು ಅಂದಂಗೆ ಅವ್ರು ಮಾಡ್ಕೊಂಡ್ ಹೋಗೋರು. ಎರಡು ಗುಂಡು ಸರ್ಯಾಗೇ ಆಯ್ತಲ್ಲ."

ಭೂಮಿ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದೆ. ಅಷ್ಟು ಜನ ಸೇರಿ ಒಬ್ಬ ಮುದುಕರ ಮಾನ ಕಾಯಲು ಕಟ್ಟಿದ ಉಪಾಯವನ್ನು ನಾನು ಒಂದು ಸೀಟಿಯಲ್ಲಿ ಮುರಿದಿದ್ದೆ. ಕೋಪದಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬಂದೀತೇ ಎನ್ನುತ್ತಾರೆ. ಮೂಗು ನನ್ನದಾಗಿದ್ದರೆ ಹೋಗಲಿ ಎನ್ನಬಹುದಿತ್ತು.

ಇತ್ತ ಗೌಡರು ತಮ್ಮ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ಕತ್ತದ ಚೀಲ, ಮದ್ದಿನ ಅಳತೆ ಎಲ್ಲ ಎತ್ತಿಡತೊಡಗಿದ್ದರು. ಎರಡು ಸಲ ಮದ್ದು ಹಾಕಿದವರು ಅವತ್ತಿಗೆ ಲೈನು ಬಿಡಬೇಕು ಎಂಬುದು ನಮ್ಮ ರೂಲ್ಸು. ಬರೆದವಳು ನಾನೇ. ದಪ್ಪ ಅಕ್ಷರದಲ್ಲಿ ಬರೆದು, ಲ್ಯಾಮಿನೇಷನ್ ಮಾಡಿಸಿ, ಶಾಮಿಯಾನದ ಕಂಬಕ್ಕೆ ಕಟ್ಟಿದವಳೂ ನಾನೇ.

"ಎಲ್ಲಿಗೆ ಗೌಡ್ರೇ?"

"ರೂಲ್ಸು ರೂಲ್ಸೇ ಅಲ್ವಾ ಟೀಚರಮ್ಮ. ನಂಗೊಬ್ಬಂಗೆ ಬೇರೆ ಮಾಡಕಾಯ್ತದಾ? ಎರಡು ಹೊಡ್ದೆ. ಸಾಕು ಬುಡಿ."

ಸಾಕು ಎಂದರೇನೋ ಸರಿ, ಕೈ ಮಾತ್ರ ಕತ್ತದ ಚೀಲದ ದಾರವನ್ನು ಗಂಟು ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು ಮಾಡುತ್ತಿತ್ತು. ಆಚೆ ಕಾರಿನ ಹತ್ತಿರ ನಿಂತಿದ್ದ ಅವರ ಮಗ ಇತ್ತ ಬರಲೋ ಬೇಡವೋ ಎಂಬಂತೆ ಎರಡು ಹೆಜ್ಜೆ ಇಟ್ಟು ನಿಂತ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಒಂದು ಮಾತು ಹೇಳುತ್ತೇನೆ. ಅಲ್ಲಿಗೇ ನಿಲ್ಲಿಸಬೇಕಾಗಿತ್ತು ಎನ್ನುವವರು ಇದ್ದಾರೆ, ನನ್ನ ಮಗಳೂ ಹಾಗೇ ಅಂದಳು. ಅವಳ ಮಾತಿನಲ್ಲಿ ತಪ್ಪಿಲ್ಲ. ಮದ್ದಿಗೆ ದಾಕ್ಷಿಣ್ಯ ಗೊತ್ತಿಲ್ಲ. ಆದರೆ ಆ ತಪ್ಪು ನಡೆದದ್ದು ಅವರ ಮರೆವಿನಿಂದ ಅರ್ಧ, ನನ್ನ ಬಾಯಿಂದ ಅರ್ಧ. ನನ್ನ ಅರ್ಧವನ್ನೂ ಅವರ ತಲೆಗೇ ಕಟ್ಟಿ ಕಳಿಸಲು ನನಗೆ ಮನಸ್ಸಾಗಲಿಲ್ಲ.

"ಕೇಳಿಸ್ಕೊಳ್ಳಿ ಎಲ್ಲಾರೂ," ಎಂದೆ. "ಮೂರನೇ ರೌಂಡು ಕ್ಯಾನ್ಸಲ್. ಲೈನು ಕೆಡಿಸಿದ್ದು ನಾನು, ಗೌಡ್ರಲ್ಲ. ಎಲ್ಲಾರೂ ತುಂಬಿದ್ದನ್ನ ತೆಗೀರಿ, ಮೊದಲಿಂದ ತುಂಬೋಣ. ಇನ್ಮೇಲೆ ಯಾರೂ ತಮ್ಮಷ್ಟಕ್ಕೆ ತುಂಬೋ ಹಾಗಿಲ್ಲ. ನಾನು ಹೇಳ್ತೀನಿ, ಹೇಳಿದ್ದಷ್ಟೇ ಮಾಡಬೇಕು. ಕೇಪು ಯಾರ ಜೇಬಲ್ಲೂ ಇರಬಾರದು. ತಂದು ನನ್ನ ಕೈಗೆ ಕೊಡಿ."

ಹತ್ತು ವರ್ಷದ ಹುಡುಗರ ಹಾಗೆ ಒಬ್ಬೊಬ್ಬರಾಗಿ ಬಂದು ಕೇಪಿನ ಡಬ್ಬಿ ಕೊಟ್ಟರು. ಗೌಡರೂ ಕೊಟ್ಟರು. ಕೊಟ್ಟು, ಲೈನಿನ ತಮ್ಮ ಜಾಗಕ್ಕೆ ಹೋಗಿ ಶೂ ಮುಂದಿಟ್ಟು ನಿಂತರು.

ನಾನು ಅವರ ಬಲಗಡೆ, ಕೈಗೆಟುಕುವ ದೂರದಲ್ಲಿ ನಿಂತೆ. ಗ್ರೌಂಡಿನಲ್ಲಿ ಡ್ರಿಲ್ ಮಾಡಿಸುತ್ತಿದ್ದ ದನಿ ತಾನಾಗಿಯೇ ಬಂತು.

"ಮದ್ದು!"

ಎಂಟು ಕೈಗಳು ಒಟ್ಟಿಗೆ ಎದ್ದವು.

"ಕತ್ತ!"

"ಗುಂಡು!"

"ಮೇಲೆ ಕತ್ತ!"

"ಗಜ!"

ಎಂಟು ಗಜ ಒಟ್ಟಿಗೆ ಇಳಿದು, ಒಟ್ಟಿಗೆ ಟಣ್ ಎಂದವು. ಆ ಸದ್ದು ಎಷ್ಟು ಚೆನ್ನಾಗಿತ್ತೆಂದರೆ ಇಷ್ಟು ವರ್ಷ ಹೀಗೆ ಯಾಕೆ ಮಾಡಿಸಲಿಲ್ಲವೋ ಎನಿಸಿತು. ಒಂದೊಂದೇ ಕೋವಿಯ ಗಜದ ಗೆರೆ ನೋಡಿ, ಸರಿ ಇದ್ದರೆ ಒಂದೇ ಒಂದು ಕೇಪು ಅಂಗೈ ಮೇಲಿಟ್ಟು ಮುಂದೆ ಹೋದೆ. ಗೌಡರ ಗೆರೆ ನಳಿಗೆಯ ಬಾಯಿಗೆ ಕೂದಲೆಳೆಯೂ ಹೆಚ್ಚುಕಡಿಮೆ ಇರಲಿಲ್ಲ. ಮರೆತಿದ್ದು ಅವರ ತಲೆ, ಕೈಯಲ್ಲ. ಮೂರನೆಯದು ಕರೀ ಚುಕ್ಕೆಯ ಅಂಚಿಗೆ ಬಿತ್ತು, ನಾಲ್ಕನೆಯದು ಅದರೊಳಕ್ಕೇ ಬಿತ್ತು. ಲೇತಿನವನು ತನ್ನ ಗುಂಡು ಎಲ್ಲಿ ಹೋಯಿತೆಂದು ನೋಡುವುದನ್ನೂ ಬಿಟ್ಟು "ಏನ್ ಗೌಡ್ರೇ, ಎಳನೀರು ಒಬ್ರೇ ಕುಡೀಬೇಕು ಅಂತಿದೀರಾ?" ಎಂದ. ಲೈನಿನಲ್ಲಿ ಮಾತು. ನಾನು ಕೇಳಿಸಿಕೊಳ್ಳಲಿಲ್ಲ.

ಐದನೆಯದು. ಮದ್ದು, ಕತ್ತ, ಗುಂಡು, ಕತ್ತ, ಗಜ. ಗೆರೆ ನೋಡಿದೆ, ಕೇಪು ಕೊಟ್ಟೆ, "ಹೊಡೀರಿ" ಎಂದೆ. ಏಳು ಕೋವಿ ಹಾರಿದವು. ಹೊಗೆ ಮೂಗಿಗೆ ಅಡರಿತು. ಗೌಡರು ಗುರಿ ಹಿಡಿದವರು ಹಾಗೇ ಇದ್ದರು. ಆಮೇಲೆ ಕೋವಿಯನ್ನು ಮೆಲ್ಲಗೆ ಇಳಿಸಿ, ಬಾಯಿ ಟಾರ್ಗೆಟ್ಟಿನ ಕಡೆಗೇ ಇಟ್ಟುಕೊಂಡು, ನನ್ನ ಕಡೆ ತಿರುಗಿದರು.

"ಟೀಚರಮ್ಮ, ಎಷ್ಟನೇದು ಇದು?"

"ಐದನೇದು ಗೌಡ್ರೇ."

"ಐದಂದ್ರೆ... ಕೊನೇದಾ?"

"ಹೂಂ. ಕೊನೇದು."

"ಹಂಗಾರೆ ಒಸಿ ನಿಧಾನಕ್ಕೆ ಹೊಡೀತೀನಿ."

"ಹೊಡೀರಿ, ಅವಸರ ಇಲ್ಲ," ಎಂದೆ. ಏಳು ಜನ ಖಾಲಿ ಕೋವಿ ಹಿಡಿದು ಕದಲದೆ ನಿಂತಿದ್ದರು. ಕುಣಿಗಲ್ಲಿನವನು ತಲೆ ಮೇಲಿನ ಕ್ಯಾಪು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಗೌಡರು ಹೊಗೆ ಚದುರುವವರೆಗೆ ಕಾದು, ಕೋವಿಯನ್ನು ಮತ್ತೆ ಹೆಗಲಿಗೇರಿಸಿದರು. ಎಷ್ಟು ಹೊತ್ತು ಗುರಿ ಹಿಡಿದರೋ ನಾನು ಗಡಿಯಾರ ನೋಡಲಿಲ್ಲ. ಹೊಡೆದರು.

ಟಾರ್ಗೆಟ್ ಪೇಪರುಗಳನ್ನು ಬಿಚ್ಚಿ ತಂದೆವು. ಗೆದ್ದದ್ದು ಕೊಬ್ಬರಿ ವ್ಯಾಪಾರಿ. ಇಡೀ ತೋಟ ಇಟ್ಟುಕೊಂಡವನಿಗೆ ಮತ್ತೊಂದು ಗೊನೆ ಎಳನೀರು ಬಂತೆಂದು ಎಲ್ಲರೂ ಅವನ ಕಾಲೆಳೆದರು. ಗೌಡರ ಪೇಪರಿನಲ್ಲಿ ನಾಲ್ಕು ತೂತು ಇದ್ದವು. ಐದನೆಯದಕ್ಕೆ ನಾನೂ ಲೇತಿನವನೂ ಪೇಪರನ್ನು ಬಿಸಿಲಿಗೆ ಹಿಡಿದು ತಿರುಗಿಸಿ ಮುರುಗಿಸಿ ನೋಡಿದೆವು. ಹಿಂದಿನ ಹಲಗೆಯಲ್ಲೂ ಹುಡುಕಿದೆವು. ಎಲ್ಲೂ ಇರಲಿಲ್ಲ.

ಗೌಡರು ಶಾಮಿಯಾನದ ಕೆಳಗೆ ಕೂತಿದ್ದರು. "ಕೊನೇದು ತಗುಲ್ತಾ ಟೀಚರಮ್ಮ?" ಎಂದರು.

ಸ್ಕೋರಿನ ವಿಷಯದಲ್ಲಿ ನಾನು ಸುಳ್ಳು ಹೇಳಿದವಳಲ್ಲ. ಸ್ವಂತ ಮಗಳಿಗೂ ಲಾಂಗ್ ಜಂಪಿನಲ್ಲಿ ಅರ್ಧ ಇಂಚು ಬಿಟ್ಟುಕೊಟ್ಟಿರಲಿಲ್ಲ. "ಇಲ್ಲ ಗೌಡ್ರೇ, ಆಚೆ ಹೋಯ್ತು," ಎಂದೆ.

ಅವರ ಮುಖ ಒಂದು ಗಳಿಗೆ ಬಾಡಿತು. "ಹೋಗ್ಲಿ ಬುಡಿ," ಎಂದರು. "ನಾಕು ಬಿದ್ದೋ ಅಲ್ವಾ."

ಊಟವಾಯಿತು. ಎಲ್ಲರೂ ಹೊರಡುವ ಗಡಿಬಿಡಿಯಲ್ಲಿದ್ದರು. ಗೌಡರ ಮಗ ಕಾರನ್ನು ತಿರುಗಿಸಿ ಹತ್ತಿರ ತಂದು ನಿಲ್ಲಿಸಿ, ಇಳಿದು ಬಂದು ಬಾಗಿಲು ತೆಗೆದು ಹಿಡಿದ. ಗೌಡರು ಕೋವಿಯನ್ನು ಒರೆಸಿ, ಚೀಲಕ್ಕೆ ಹಾಕಿ, ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಆನಿಸಿಕೊಂಡು ಬಂದರು. ಹತ್ತುವ ಮುಂಚೆ ನನ್ನ ಹತ್ತಿರ ನಿಂತರು.

"ಟೀಚರಮ್ಮ, ಕೊನೇದು ತಗುಲ್ತಾ?"

ಅದೇ ಮುಖ, ಅದೇ ಕಾತರ. ಮೊದಲು ಕೇಳಿದ್ದು, ನಾನು ಹೇಳಿದ್ದು, ಬಾಡಿದ್ದು, ಯಾವುದೂ ಅಲ್ಲಿ ಉಳಿದಿರಲಿಲ್ಲ.

"ಅಪ್ಪ, ಆಗ್ಲೇ ಹೇಳುದ್ರಲ್ಲಪ್ಪ..." ಎಂದು ಮಗ ಶುರುಮಾಡಿದ. ನಾನು ಅವನನ್ನು ನೋಡಿದ ನೋಟಕ್ಕೆ ಮಾತು ಅಲ್ಲೇ ನಿಂತಿತು.

"ತಗುಲ್ತು ಗೌಡ್ರೇ," ಎಂದೆ. "ಕರೀ ಚುಕ್ಕೆ ನಡುಮಧ್ಯಕ್ಕೆ."

"ನಡುಮಧ್ಯಕ್ಕಾ?"

"ನಡುಮಧ್ಯಕ್ಕೆ. ನಾನೇ ಬೆರಳಿಟ್ಟು ನೋಡಿದೆ."

ಅವರು ನಕ್ಕರು. ಎದೆಗೆ ಆನಿಸಿಕೊಂಡಿದ್ದ ಚೀಲದ ಮೇಲೆ ಎರಡು ಸಲ ತಟ್ಟಿ, ಅದನ್ನು ಮಗನ ಕೈಗೆ ಕೊಟ್ಟರು.

"ಹಂಗಾರೆ ಸರಿ," ಎಂದರು. "ನಾಳೀಕೆ ಕೊಟ್ಬುಡಾನ."